ಐವರು ರಾಣಿಯರ ಸಖಿಗೆ ಅಂಟಿದ ಕಳಂಕ

1542ರ ಫೆಬ್ರುವರಿ 13, ಸೋಮವಾರ ಬೆಳಿಗ್ಗೆ. ಲಂಡನ್ ಟವರ್ ಕೋಟೆಯ ಒಳ ಅಂಗಳದಲ್ಲಿ ಇಬ್ಬರು ಸ್ತ್ರೀಯರ ಶಿರಚ್ಛೇದ ನಡೆಯಿತು. ಮೊದಲು ಪ್ರಾಣ ತೆತ್ತವಳು ದೊರೆ ಎಂಟನೇ ಹೆನ್ರಿಯ ಐದನೇ ಪತ್ನಿ, ಇನ್ನೂ ಎಳೆಯ ವಯಸ್ಸಿನ ಕ್ಯಾಥರೀನ್ ಹೋವರ್ಡ್. ಆಕೆಯ ದೇಹವನ್ನು ಸರಿಸಿದ ಬಳಿಕ ಅದೇ ಮರದ ದಿಮ್ಮಿಯ ಮೇಲೆ ಕೊರಳಿಟ್ಟವಳು ರಾಣಿಯ ಸಖಿ, ರಾಚ್‌ಫರ್ಡ್‌ನ ವೈಕೌಂಟೆಸ್ ಜೇನ್ ಬೊಲಿನ್.

ಇಂಗ್ಲೆಂಡಿನ ಇತಿಹಾಸದಲ್ಲಿ ಈ ಜೇನ್ ಬೊಲಿನ್‌ಳಷ್ಟು ನಿಂದೆಗೆ ಗುರಿಯಾದ ಹೆಣ್ಣುಮಕ್ಕಳು ವಿರಳ. ಸುಳ್ಳು ಸಾಕ್ಷಿ ನುಡಿದು ಕಟ್ಟಿಕೊಂಡ ಗಂಡನನ್ನೂ, ರಾಣಿಯಾಗಿದ್ದ ನಾದಿನಿಯನ್ನೂ ಕೊಲೆಗಂಬಕ್ಕೆ ಕಳುಹಿಸಿದ ಪಾತಕಿ ಎಂದೇ ಆಕೆಯನ್ನು ಕಾದಂಬರಿಗಳು, ಚಲನಚಿತ್ರಗಳು, ದೂರದರ್ಶನ ಧಾರಾವಾಹಿಗಳು ಚಿತ್ರಿಸುತ್ತ ಬಂದಿವೆ. ಆದರೆ ಅಂದಿನ ಕಾಲದ ಪತ್ರಗಳನ್ನೂ ದಾಖಲೆಗಳನ್ನೂ ತೆರೆದು ನೋಡಿದರೆ ಈ ಆರೋಪಕ್ಕೆ ಆಧಾರ ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಐವರು ರಾಣಿಯರ ಸೇವೆಯಲ್ಲಿ ಸುಮಾರು ಎರಡು ದಶಕ ಕಳೆದ ಈ ಸಖಿಯ ಬದುಕು, ಅರಮನೆಯ ಊಳಿಗವೆಂಬುದು ಎಂಥ ಕತ್ತಿಯ ಅಲಗಿನ ಮೇಲಿನ ನಡಿಗೆಯಾಗಿತ್ತು ಎಂಬುದನ್ನು ತೋರಿಸುತ್ತದೆ.

ವಿದ್ವಾಂಸನ ಮಗಳು

ಜೇನ್ ಹುಟ್ಟಿದ್ದು ಸುಮಾರು 1505ರಲ್ಲಿ. ಆಕೆಯ ತವರುಮನೆಯ ಹೆಸರು ಪಾರ್ಕರ್. ತಂದೆ ಹೆನ್ರಿ ಪಾರ್ಕರ್, ಅರ್ಥಾತ್ ಲಾರ್ಡ್ ಮಾರ್ಲಿ. ಎಸೆಕ್ಸ್ ಪ್ರಾಂತ್ಯದ ಗ್ರೇಟ್ ಹ್ಯಾಲಿಂಗ್‌ಬರಿ ಈ ಮನೆತನದ ನೆಲೆ. ಮಾರ್ಲಿ ಬಾಲ್ಯದಲ್ಲಿ ದೊರೆ ಹೆನ್ರಿಯ ಅಜ್ಜಿ ಮಾರ್ಗರೆಟ್ ಬ್ಯೂಫೋರ್ಟ್‌ಳ ಮನೆಯಲ್ಲಿ ಬೆಳೆದವನು. ಕತ್ತಿಗಿಂತ ಲೇಖನಿಯನ್ನು ಹೆಚ್ಚು ಪ್ರೀತಿಸಿದ ಶ್ರೀಮಂತ. ಇಟಲಿಯ ಕವಿ ಪೆಟ್ರಾರ್ಕನ ಕಾವ್ಯವನ್ನು ಇಂಗ್ಲಿಷಿಗೆ ತಂದವನು. ಹೊಸ ವರ್ಷದ ದಿನ ಇತರ ಶ್ರೀಮಂತರು ದೊರೆಗೆ ಚಿನ್ನದ ಬಟ್ಟಲು, ಆಭರಣಗಳನ್ನು ಕಾಣಿಕೆಯಾಗಿ ಒಪ್ಪಿಸಿದರೆ, ಈತ ತಾನು ಅನುವಾದಿಸಿದ ಹಸ್ತಪ್ರತಿಗಳನ್ನು ಒಪ್ಪಿಸುತ್ತಿದ್ದ.

ಇಂಥ ಮನೆಯ ಹೆಣ್ಣುಮಗಳು ಅರಮನೆಗೆ ಬಂದದ್ದು ಹದಿಹರೆಯದಲ್ಲಿ. 1520ರ ಜೂನ್‌ನಲ್ಲಿ ಹೆನ್ರಿ ಹಾಗೂ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಅವರ ನಡುವೆ ಕ್ಯಾಲೆ ಬಳಿಯ ಬಯಲಿನಲ್ಲಿ ವೈಭವದ ಭೇಟಿಯೊಂದು ನಡೆಯಿತು. ಜರತಾರಿ ಡೇರೆಗಳಿಂದಾಗಿ ಬಂಗಾರದ ವಸ್ತ್ರದ ಬಯಲು ಎಂದು ಹೆಸರಾದ ಆ ಉತ್ಸವಕ್ಕೆ ರಾಣಿ ಕ್ಯಾಥರೀನ್ ಆಫ್ ಆರಗಾನ್ ಕರೆದೊಯ್ದ ಪರಿವಾರದ ಪಟ್ಟಿಯಲ್ಲಿ ಮಿಸ್ಟ್ರೆಸ್ ಪಾರ್ಕರ್ ಎಂಬ ಹೆಸರಿದೆ. ಅದು ಜೇನ್‌ಳದೇ ಎಂಬುದು ಅನೇಕ ಇತಿಹಾಸಕಾರರ ಅಭಿಮತ.

ಎರಡು ವರ್ಷಗಳ ಬಳಿಕ ಆಕೆಯ ಹೆಸರು ಸ್ಪಷ್ಟವಾಗಿಯೇ ಕಾಣಿಸಿಕೊಳ್ಳುತ್ತದೆ. 1522ರ ಮಾರ್ಚ್ 4ರಂದು ಕಾರ್ಡಿನಲ್ ವೂಲ್ಸಿಯ ಯಾರ್ಕ್ ಪ್ಲೇಸ್ ಅರಮನೆಯಲ್ಲಿ ಒಂದು ರೂಪಕ ಪ್ರದರ್ಶನ ಏರ್ಪಟ್ಟಿತ್ತು. ಹಸಿರು ಬಣ್ಣದ ಕೃತಕ ಕೋಟೆ; ಅದರೊಳಗೆ ಬಿಳಿಯ ಉಡುಪು ತೊಟ್ಟ ಎಂಟು ಮಂದಿ ಸುಂದರಿಯರು. ಒಬ್ಬೊಬ್ಬರಿಗೂ ಒಂದೊಂದು ಸದ್ಗುಣದ ಪಾತ್ರ. ಕೋಟೆಗೆ ಮುತ್ತಿಗೆ ಹಾಕಿದ ಗಂಡಸರ ಕಡೆಯಿಂದ ಖರ್ಜೂರ, ಕಿತ್ತಳೆಗಳ ದಾಳಿ. ಒಳಗಿನಿಂದ ಪನ್ನೀರು, ಮಿಠಾಯಿಗಳ ಪ್ರತಿದಾಳಿ. ಆ ಎಂಟು ಮಂದಿಯಲ್ಲಿ ಛಲದ ಪಾತ್ರ ಧರಿಸಿದ್ದವಳು ಆನ್ ಬೊಲಿನ್. ನಿಷ್ಠೆಯ ಪಾತ್ರ ಜೇನ್ ಪಾರ್ಕರ್‌ಳಿಗೆ ದೊರೆತಿತ್ತು. ಮುಂದೆ ನಿಷ್ಠೆಯಿಲ್ಲದವಳೆಂದೇ ಕುಖ್ಯಾತಳಾಗಲಿದ್ದ ಹುಡುಗಿಯ ಮೊದಲ ಪಾತ್ರ ಅದು!

ಸಖಿಯ ಕಾಯಕ

ರಾಣಿಯ ಸಖಿಯೆಂದರೆ ದಾಸಿಯಲ್ಲ. ಅಡುಗೆ, ಕಸಗುಡಿಸುವ ಕೆಲಸಕ್ಕೆ ಬೇರೆ ಆಳುಗಳಿದ್ದರು. ಸಖಿಯರೆಲ್ಲ ಕುಲೀನ ಮನೆತನಗಳ ಹೆಣ್ಣುಮಕ್ಕಳು. ರಾಣಿಗೆ ಉಡುಪು ತೊಡಿಸುವುದು, ಊಟದ ಹೊತ್ತಿಗೆ ಕೈತೊಳೆಯಲು ನೀರು ಹಿಡಿಯುವುದು, ಮೆರವಣಿಗೆಯಲ್ಲಿ ನಿಲುವಂಗಿಯ ಸೆರಗು ಹಿಡಿದು ನಡೆಯುವುದು, ಒಟ್ಟಿಗೆ ಕುಳಿತು ಹೊಲಿಗೆ ಹಾಕುವುದು, ಇಸ್ಪೀಟು ಆಡುವುದು, ಕುಣಿಯುವುದು, ರಾತ್ರಿ ರಾಣಿಯ ಶಯನಗೃಹದಲ್ಲೇ ಮಲಗುವುದು ಇವರ ನಿತ್ಯದ ಕೆಲಸ. ಪ್ರತಿಯಾಗಿ ಅರಮನೆಯಲ್ಲಿ ಬಿಡಾರ, ಊಟ, ಸೌದೆ, ಮೋಂಬತ್ತಿಗಳು ಸಿಗುತ್ತಿದ್ದವು.

ಇದಕ್ಕಿಂತ ದೊಡ್ಡ ಸಂಬಳ ಬೇರೊಂದಿತ್ತು. ಅದು ಅಧಿಕಾರದ ಸಾಮೀಪ್ಯ. ರಾಣಿಯ ಕಿವಿಗೆ ಹತ್ತಿರವಿದ್ದವಳು ಅಣ್ಣನಿಗೆ ಹುದ್ದೆ, ತಂದೆಗೆ ಜಮೀನು ದೊರಕಿಸಬಲ್ಲಳು. ಆದ್ದರಿಂದಲೇ ಶ್ರೀಮಂತ ಮನೆತನಗಳು ಹೆಣ್ಣುಮಕ್ಕಳನ್ನು ಸಖಿಯರ ಗುಂಪಿಗೆ ಸೇರಿಸಲು ಪೈಪೋಟಿ ನಡೆಸುತ್ತಿದ್ದವು. ಆದರೆ ರಾಣಿಯ ಏಕಾಂತವನ್ನು ಕಂಡವಳು ರಾಣಿಯ ಗುಟ್ಟನ್ನೂ ಬಲ್ಲಳು. ಗುಟ್ಟು ಕಾಪಾಡಿದರೆ ರಾಜದ್ರೋಹ, ಹೊರಗೆಡವಿದರೆ ಸ್ವಾಮಿದ್ರೋಹ ಎಂಬ ಇಕ್ಕಟ್ಟು ಯಾವ ಗಳಿಗೆಯಲ್ಲಾದರೂ ಎದುರಾಗಬಹುದಿತ್ತು. ಅತ್ತ ದರಿ, ಇತ್ತ ಪುಲಿ ಎಂಬ ನಮ್ಮ ಗಾದೆ ಈ ಸಖಿಯರ ಪಾಡಿಗೆ ಚೆನ್ನಾಗಿ ಒಪ್ಪುತ್ತದೆ.

ಬೊಲಿನ್ ಮನೆಯ ಸೊಸೆ

ಥಾಮಸ್ ಬೊಲಿನ್ ಆಸ್ಥಾನದ ನುರಿತ ರಾಯಭಾರಿ. ಆತನ ಮಗ ಜಾರ್ಜ್‌ನೊಂದಿಗೆ ಜೇನ್‌ಳ ವಿವಾಹ ನಿಶ್ಚಯವಾಯಿತು. ವಧುವಿನ ಕಡೆಯಿಂದ ಸಲ್ಲಬೇಕಾಗಿದ್ದ ಹಣ 2,000 ಮಾರ್ಕ್. ಒಂದು ಮಾರ್ಕ್ ಎಂದರೆ ಪೌಂಡಿನ ಮೂರನೇ ಎರಡು ಭಾಗ. ಅಷ್ಟು ದೊಡ್ಡ ಮೊತ್ತ ಹೊಂದಿಸುವುದು ಪುಸ್ತಕಪ್ರಿಯ ಮಾರ್ಲಿಗೆ ಸುಲಭವಿರಲಿಲ್ಲ. ಅದರಲ್ಲಿ ಒಂದು ಪಾಲನ್ನು ದೊರೆಯೇ ಭರಿಸಿದ. ಪತಿ ತೀರಿಕೊಂಡರೆ ಜೇನ್‌ಳಿಗೆ ವರ್ಷಕ್ಕೆ 100 ಮಾರ್ಕ್ ಜೀವನಾಂಶ ಸಲ್ಲಬೇಕೆಂಬ ಒಪ್ಪಂದವೂ ಆಯಿತು. 1525ರ ಕೊನೆಯ ಹೊತ್ತಿಗೆ ಇಬ್ಬರೂ ದಂಪತಿಯಾಗಿದ್ದರು. ಇವರಿಗೆ ಮಕ್ಕಳಿದ್ದ ದಾಖಲೆಯಿಲ್ಲ.

ಇದೇ ವೇಳೆಗೆ ದೊರೆಯ ಕಣ್ಣು ಜಾರ್ಜ್‌ನ ಸೋದರಿ ಆನ್‌ಳ ಮೇಲೆ ಬಿದ್ದಿತ್ತು. ಗಂಡುಸಂತಾನ ನೀಡದ ಕ್ಯಾಥರೀನ್‌ಳನ್ನು ತ್ಯಜಿಸಿ ಆನ್‌ಳನ್ನು ವರಿಸಲು ಹೆನ್ರಿ ವರ್ಷಗಟ್ಟಲೆ ಹೆಣಗಿದ. ರೋಮ್‌ನ ಪೋಪ್ ಒಪ್ಪದಿದ್ದಾಗ ಇಂಗ್ಲೆಂಡಿನ ಚರ್ಚನ್ನೇ ರೋಮ್‌ನಿಂದ ಬೇರ್ಪಡಿಸಿದ. ಬೊಲಿನ್ ಮನೆತನದ ಭಾಗ್ಯ ಏರುತ್ತ ಹೋಯಿತು. 1529ರ ಡಿಸೆಂಬರ್‌ನಲ್ಲಿ ಥಾಮಸ್ ಬೊಲಿನ್ ವಿಲ್ಟ್‌ಶೈರ್‌ನ ಅರ್ಲ್ ಆದ. ಮಗ ಜಾರ್ಜ್ ವೈಕೌಂಟ್ ರಾಚ್‌ಫರ್ಡ್ ಎನಿಸಿಕೊಂಡ. ಸೊಸೆ ಜೇನ್ ಲೇಡಿ ರಾಚ್‌ಫರ್ಡ್ ಆದಳು. 1533ರ ಜೂನ್ 1ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆನ್‌ಳಿಗೆ ಕಿರೀಟಧಾರಣೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ 7ರಂದು ಹುಟ್ಟಿದ ಮಗು ಗಂಡಾಗಲಿಲ್ಲ. ಆ ಹೆಣ್ಣುಮಗುವೇ ಮುಂದಿನ ಒಂದನೇ ಎಲಿಜಬೆತ್.

ನಾದಿನಿ ಹಾಗೂ ಅತ್ತಿಗೆಯ ನಡುವೆ ಆರಂಭದಿಂದಲೂ ಹಗೆಯಿತ್ತು ಎಂಬ ಮಾತು ಪ್ರಚಲಿತದಲ್ಲಿದೆ. ಆದರೆ 1534ರ ಒಂದು ಪ್ರಸಂಗ ಬೇರೆಯದನ್ನೇ ಸೂಚಿಸುತ್ತದೆ. ಆ ವರ್ಷ ದೊರೆ ಮತ್ತೊಬ್ಬ ಯುವತಿಯತ್ತ ಒಲಿದಿದ್ದ. ಆಕೆಯನ್ನು ಹೇಗಾದರೂ ಅರಮನೆಯಿಂದ ಹೊರಹಾಕಲು ಆನ್ ಉಪಾಯ ಹೂಡಿದಳು. ಅದಕ್ಕೆ ಜೊತೆಯಾದವಳು ಇದೇ ಜೇನ್. ಸಂಗತಿ ಬಯಲಾದಾಗ ದೊರೆ ಜೇನ್‌ಳನ್ನೇ ಆಸ್ಥಾನದಿಂದ ಹೊರಗೆ ಕಳುಹಿಸಿದನೆಂದು ಸಾಮ್ರಾಟ ಐದನೇ ಚಾರ್ಲ್ಸ್‌ನ ರಾಯಭಾರಿ ಯೂಸ್ಟಾಸ್ ಶಾಪ್ವಿ ತನ್ನ ವರದಿಯಲ್ಲಿ ತಿಳಿಸಿದ್ದಾನೆ. ರಾಣಿಯ ಪರವಾಗಿ ಅರಸನ ಕೋಪಕ್ಕೆ ಎದೆಯೊಡ್ಡಿದವಳು ಆಕೆಯ ಬದ್ಧವೈರಿಯಾಗಿದ್ದಳೆಂದು ನಂಬುವುದು ಕಷ್ಟ.

1536ರ ಮೇ ತಿಂಗಳು

1536ರ ಜನವರಿ 29ರಂದು ಆನ್‌ಳಿಗೆ ಗರ್ಭಪಾತವಾಯಿತು. ಅರಸನ ಮನಸ್ಸು ಆಗಲೇ ಜೇನ್ ಸೀಮೋರ್ ಎಂಬ ಮತ್ತೊಬ್ಬ ಸಖಿಯತ್ತ ಹೊರಳಿತ್ತು. ಮಂತ್ರಿ ಥಾಮಸ್ ಕ್ರಾಮ್‌ವೆಲ್ ರಾಣಿಯ ಅಂತಃಪುರದ ಬಗ್ಗೆ ಗುಟ್ಟಾಗಿ ತನಿಖೆ ಆರಂಭಿಸಿದ. ಏಪ್ರಿಲ್ ಕೊನೆಯಲ್ಲಿ ಸಂಗೀತಗಾರ ಮಾರ್ಕ್ ಸ್ಮೀಟನ್ ಸೆರೆಯಾದ. ಮೇ 2ರಂದು ರಾಣಿಯೂ ಆಕೆಯ ಸೋದರ ಜಾರ್ಜ್‌ನೂ ಟವರ್ ಸೇರಿದರು. ಇನ್ನೂ ಕೆಲವರು ಅವರನ್ನು ಹಿಂಬಾಲಿಸಿದರು. ವ್ಯಭಿಚಾರ, ಅರಸನ ಸಾವಿಗೆ ಸಂಚು ಮುಂತಾದ ಆರೋಪಗಳ ಜೊತೆಗೆ ಸೋದರ ಸೋದರಿಯರ ಮೇಲೆ ಅಗಮ್ಯಗಮನದ ದೋಷವನ್ನೂ ಹೊರಿಸಲಾಯಿತು.

ಜೇನ್‌ಳ ಮೇಲಿನ ಕಳಂಕ ಅಂಟಿಕೊಂಡಿರುವುದು ಇಲ್ಲಿ. ಸೋದರ ಸೋದರಿಯರ ಸಂಬಂಧದ ಸಾಕ್ಷಿ ನುಡಿದವಳು ಹೊಟ್ಟೆಕಿಚ್ಚಿನ ಹೆಂಡತಿ ಎಂಬುದು ಜನಜನಿತ ಕಥೆ. ಈಗ ದಾಖಲೆಗಳತ್ತ ನೋಡೋಣ. ಟವರ್‌ನ ಅಧಿಕಾರಿ ವಿಲಿಯಂ ಕಿಂಗ್‌ಸ್ಟನ್ ಆ ದಿನಗಳಲ್ಲಿ ಕ್ರಾಮ್‌ವೆಲ್‌ಗೆ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲೊಂದರ ಪ್ರಕಾರ, ಜೇನ್ ಸೆರೆಯಲ್ಲಿದ್ದ ಪತಿಯ ಕ್ಷೇಮ ವಿಚಾರಿಸಿ ಸಂದೇಶ ಕಳುಹಿಸಿದ್ದಳು. ಅವನ ಪರವಾಗಿ ದೊರೆಯಲ್ಲಿ ಮೊರೆಯಿಡುವುದಾಗಿ ಮಾತು ಕೊಟ್ಟಿದ್ದಳು. ಜಾರ್ಜ್ ಅದಕ್ಕಾಗಿ ಕೃತಜ್ಞತೆ ಹೇಳಿದ. ಬಂಧಿತರಾದ ಅಷ್ಟೂ ಗಂಡಸರಿಗಾಗಿ ಮೊರೆಯಿಡಲು ಮುಂದಾದವರು ಎಷ್ಟು ಮಂದಿ ಎಂದು ಎಣಿಸಿದರೆ ಈ ಸಂದೇಶದ ಬೆಲೆ ತಿಳಿದೀತು.

ಮೇ 15ರಂದು ಟವರ್‌ನಲ್ಲೇ ವಿಚಾರಣೆ ನಡೆಯಿತು. ಅಧ್ಯಕ್ಷ ಪೀಠದಲ್ಲಿದ್ದವನು ಆನ್ ಹಾಗೂ ಜಾರ್ಜ್‌ರ ಸೋದರಮಾವ, ನಾರ್ಫೋಕ್‌ನ ಡ್ಯೂಕ್. ರಾಣಿಯ ವಿಚಾರಣೆಗೆ ಕುಳಿತ 26 ಮಂದಿ ಶ್ರೀಮಂತರಲ್ಲಿ ಜೇನ್‌ಳ ತಂದೆ ಲಾರ್ಡ್ ಮಾರ್ಲಿಯೂ ಒಬ್ಬ. ಅರಸನ ಇಚ್ಛೆಯ ಮುಂದೆ ರಕ್ತಸಂಬಂಧ, ಬೀಗತನ ಯಾವುದಕ್ಕೂ ಬೆಲೆಯಿರಲಿಲ್ಲ. ಜಾರ್ಜ್‌ನ ವಿಚಾರಣೆಯ ವೇಳೆ ಅವನ ಕೈಗೊಂದು ಚೀಟಿ ಕೊಡಲಾಯಿತು. ಗಟ್ಟಿಯಾಗಿ ಓದಕೂಡದೆಂದು ತಾಕೀತು ಮಾಡಲಾಯಿತು. ಆತ ಬೇಕೆಂದೇ ಎಲ್ಲರಿಗೂ ಕೇಳುವಂತೆ ಓದಿಬಿಟ್ಟ. ದೊರೆಗೆ ಪುರುಷತ್ವದ ಕೊರತೆಯಿದೆ ಎಂದು ಆನ್ ತನ್ನ ಅತ್ತಿಗೆಗೆ ಹೇಳಿದ್ದಳೇ ಎಂಬುದು ಅದರಲ್ಲಿದ್ದ ಪ್ರಶ್ನೆ. ಅಂದರೆ ಜೇನ್‌ಳನ್ನೂ ತನಿಖೆಗೆ ಒಳಪಡಿಸಲಾಗಿತ್ತು, ಅಂತಃಪುರದ ಈ ಪಿಸುಮಾತು ಅವಳ ಬಾಯಿಂದಲೇ ಹೊರಬಿದ್ದಿರುವ ಸಾಧ್ಯತೆಯಿದೆ. ಆದರೆ ಅಗಮ್ಯಗಮನದ ಆರೋಪಕ್ಕೆ ಜೇನ್ ಸಾಕ್ಷಿಯಾದಳೆಂದು ಶಾಪ್ವಿ ಹೇಳುವುದಿಲ್ಲ. ಆ ವಿಚಾರಣೆಯಲ್ಲಿ ಸಾಕ್ಷಿಗಳನ್ನೇ ಹಾಜರುಪಡಿಸಲಿಲ್ಲ ಎಂಬುದು ಅವನ ವರದಿ. ಲಂಡನ್ನಿನಿಂದ ಕ್ಯಾಲೆಗೆ ಸುದ್ದಿ ಬರೆಯುತ್ತಿದ್ದ ಜಾನ್ ಹ್ಯೂಸಿ ಎಂಬಾತ ರಾಣಿಯ ಮೇಲೆ ದೂರಿತ್ತವರ ಹೆಸರು ಹೇಳಿದಾಗಲೂ ವೂಸ್ಟರ್‌ನ ಕೌಂಟೆಸ್ ಹಾಗೂ ಇತರ ಸಖಿಯರತ್ತ ಬೆರಳು ತೋರಿಸಿದನೇ ಹೊರತು ಲೇಡಿ ರಾಚ್‌ಫರ್ಡ್‌ಳ ಹೆಸರೆತ್ತಲಿಲ್ಲ.

ಮೇ 17ರಂದು ಜಾರ್ಜ್‌ನ ತಲೆ ಉರುಳಿತು. ಮೇ 19ರಂದು ಆನ್ ಕೊನೆಯುಸಿರೆಳೆದಳು. ಅದಾದ 11ನೇ ದಿನ ಹೆನ್ರಿ ಜೇನ್ ಸೀಮೋರ್‌ಳನ್ನು ಮದುವೆಯಾದ.

ವಿಧವೆಯ ಮೊರೆ

ರಾಜದ್ರೋಹಿಯ ಆಸ್ತಿಯೆಲ್ಲ ಅರಸನ ಬೊಕ್ಕಸಕ್ಕೆ ಸೇರಬೇಕೆಂಬುದು ಅಂದಿನ ಕಾನೂನು. ಮನೆಯ ಪಾತ್ರೆ ಪಗಡಿಗಳಿಂದ ಹಿಡಿದು ಉಡುಪಿನವರೆಗೆ ಎಲ್ಲವೂ ಜಪ್ತಿಯಾದವು. ಮೂವತ್ತರ ಆಸುಪಾಸಿನ ವಿಧವೆ ಬರಿಗೈಯಲ್ಲಿ ನಿಂತಳು. ಆಗ ಅವಳು ಕ್ರಾಮ್‌ವೆಲ್‌ಗೆ ಬರೆದ ಪತ್ರ ಇಂದಿಗೂ ಉಳಿದಿದೆ. ತಾನು ಗತಿಗೆಟ್ಟ ವಿಧವೆಯೆಂದು ಹೇಳಿಕೊಂಡು, ತನ್ನ ಮದುವೆಗೆ ದೊರೆ ಹಾಗೂ ತಂದೆ ತೆತ್ತ 2,000 ಮಾರ್ಕ್ ಮೊತ್ತವನ್ನು ನೆನಪಿಸಿ, ಜೀವನಕ್ಕೆ ದಾರಿ ಮಾಡಿಕೊಡುವಂತೆ ಆಕೆ ಅದರಲ್ಲಿ ಬೇಡಿಕೊಂಡಿದ್ದಾಳೆ. ಪತಿಯನ್ನು ಕೊಲ್ಲಿಸಲು ನೆರವಾಗಿ ಸರ್ಕಾರದ ಕೃಪೆಗೆ ಪಾತ್ರಳಾದವಳು ಹೀಗೆ ಕೈಯೊಡ್ಡಬೇಕಾಗಿತ್ತೇ?

ಮೊರೆ ಫಲ ನೀಡಿತು. ಅರಮನೆಯ ಒತ್ತಡಕ್ಕೆ ಮಣಿದ ಮಾವ ಥಾಮಸ್ ಬೊಲಿನ್ ಜೀವನಾಂಶವನ್ನು ವರ್ಷಕ್ಕೆ 100 ಪೌಂಡಿಗೆ ಏರಿಸಿದ. ಆದರೆ ಅರಮನೆಯ ಕೃಪೆ ಎಂದಿಗೂ ಬಿಟ್ಟಿಯಾಗಿ ಬರುವುದಿಲ್ಲ. ಕೆಲಕಾಲದಲ್ಲೇ ಜೇನ್ ಮತ್ತೆ ಸಖಿಯರ ಗುಂಪಿನಲ್ಲಿ ಕಾಣಿಸಿಕೊಂಡಳು, ಈ ಸಲ ತನ್ನ ನಾದಿನಿಯ ಸ್ಥಾನಕ್ಕೆ ಬಂದ ಜೇನ್ ಸೀಮೋರ್‌ಳ ಸೇವೆಗೆ. 1537ರ ಅಕ್ಟೋಬರ್ 12ರಂದು ಯುವರಾಜ ಎಡ್ವರ್ಡ್‌ನನ್ನು ಹೆತ್ತ ಈ ರಾಣಿ, ಅದೇ ತಿಂಗಳ 24ರಂದು ತೀರಿಕೊಂಡಳು. ರಾಣಿಯ ಉತ್ತರಕ್ರಿಯೆಯಲ್ಲಿ ಹೆನ್ರಿಯ ಹಿರಿಯ ಮಗಳು ಮೇರಿ ಮುಖ್ಯ ಶೋಕಿಯಾಗಿ ನಡೆದಾಗ ಆಕೆಯ ಸೆರಗು ಹಿಡಿದವಳು ಜೇನ್.

1540ರ ಜನವರಿ 6ರಂದು ಹೆನ್ರಿ ಜರ್ಮನ್ ಪ್ರಾಂತ್ಯದ ಆನ್ ಆಫ್ ಕ್ಲೀವ್ಸ್‌ಳನ್ನು ವರಿಸಿದ. ಮೊದಲ ನೋಟದಲ್ಲೇ ಆಕೆ ಅವನಿಗೆ ಹಿಡಿಸಲಿಲ್ಲ. ಆರು ತಿಂಗಳಲ್ಲಿ ಮದುವೆಯನ್ನು ರದ್ದುಪಡಿಸಲು ಸಾಕ್ಷ್ಯ ಬೇಕಾಯಿತು. ಮದುವೆ ಹೆಸರಿಗೆ ಮಾತ್ರ ನಡೆದಿದೆ ಎಂದು ರಾಣಿಯ ಮಾತುಗಳಿಂದಲೇ ತಮಗೆ ತಿಳಿಯಿತೆಂದು ಮೂವರು ಸಖಿಯರು ಹೇಳಿಕೆ ಕೊಟ್ಟರು. ರಟ್‌ಲೆಂಡ್‌ನ ಕೌಂಟೆಸ್, ಲೇಡಿ ಎಡ್ಜ್‌ಕಂಬ್ ಹಾಗೂ ಲೇಡಿ ರಾಚ್‌ಫರ್ಡ್ ಆ ಮೂವರು. ಇಂಗ್ಲಿಷ್ ಅಷ್ಟಾಗಿ ಬಾರದ ರಾಣಿ ಅಂಥ ಸಂಭಾಷಣೆ ನಡೆಸಿದ್ದು ನಿಜವೇ ಎಂದು ಇತಿಹಾಸಕಾರರು ಶಂಕಿಸುತ್ತಾರೆ. ದೊರೆಗೆ ಬೇಕಾದ ಮಾತನ್ನು ಹೇಳುವುದನ್ನು ಸಖಿಯರು ಅಷ್ಟರಲ್ಲಿ ಕಲಿತಿದ್ದರು. ಜುಲೈ 9ರಂದು ಮದುವೆ ರದ್ದಾಯಿತು.

ಹಿಂಬದಿಯ ಮೆಟ್ಟಿಲು

ಅದೇ ಜುಲೈ 28ರಂದು ಹೆನ್ರಿ ಕ್ಯಾಥರೀನ್ ಹೋವರ್ಡ್‌ಳ ಕೈಹಿಡಿದ. ಅಂದೇ ಕ್ರಾಮ್‌ವೆಲ್‌ನ ತಲೆಯೂ ಉರುಳಿತು. ಜೇನ್‌ಳ ಕಷ್ಟಕಾಲದಲ್ಲಿ ನೆರವಾಗಿದ್ದ ಏಕೈಕ ಪ್ರಬಲ ಮಂತ್ರಿ ಇಲ್ಲವಾದ. ಹೊಸ ರಾಣಿ ಆನ್ ಹಾಗೂ ಜಾರ್ಜ್‌ರ ಸೋದರಮಾವನ ಮಗಳು. ಐವತ್ತರ ಅಂಚಿನ ಸ್ಥೂಲಕಾಯದ ಅರಸನಿಗೆ ಕಾಲಿನ ಹುಣ್ಣಿನ ಬಾಧೆ ಬೇರೆ. ರಾಣಿಯ ಮನಸ್ಸು ಅರಸನ ಖಾಸಗಿ ಕೊಠಡಿಯ ಸೇವಕ, ತರುಣ ಥಾಮಸ್ ಕಲ್ಪೆಪರ್‌ನತ್ತ ಹರಿಯಿತು.

1541ರ ಬೇಸಿಗೆಯಲ್ಲಿ ದೊರೆ ಸಕಲ ಪರಿವಾರದೊಡನೆ ಉತ್ತರ ಇಂಗ್ಲೆಂಡಿನ ಪ್ರವಾಸ ಕೈಗೊಂಡ. ಲಿಂಕನ್, ಪಾಂಟಿಫ್ರ್ಯಾಕ್ಟ್, ಯಾರ್ಕ್ ನಗರಗಳಲ್ಲಿ ಬಿಡಾರ ಬಿಟ್ಟಾಗಲೆಲ್ಲ ರಾಣಿಯ ಕೊಠಡಿಗೆ ಹಿಂಬದಿಯ ಮೆಟ್ಟಿಲು ಎಲ್ಲಿದೆ ಎಂಬ ಹುಡುಕಾಟ ನಡೆಯುತ್ತಿತ್ತು. ನಡುರಾತ್ರಿಯಲ್ಲಿ ಕಲ್ಪೆಪರ್‌ನನ್ನು ಒಳಗೆ ಬಿಟ್ಟು, ರಾಣಿಯೊಡನೆ ಮಾತು ಮುಗಿಯುವವರೆಗೆ ಕಾವಲಿದ್ದವಳು ಜೇನ್. ಲಿಂಕನ್‌ನಲ್ಲಿ ತೆರೆದಿದ್ದ ಹಿಂಬಾಗಿಲನ್ನು ಕಂಡ ಕಾವಲುಗಾರ ಬೀಗ ಜಡಿದು ಹೋದ. ಕಲ್ಪೆಪರ್ ಹಾಗೂ ಅವನ ಆಳು ಅದನ್ನು ಬಿಚ್ಚಿ ಒಳಬಂದರು. ಪಾಂಟಿಫ್ರ್ಯಾಕ್ಟ್‌ನಲ್ಲಿ ಅರಸನ ಸೇವಕ ಬಂದಾಗ ರಾಣಿಯ ಕೊಠಡಿಯ ಅಗುಳಿ ಒಳಗಿನಿಂದ ಹಾಕಿತ್ತು. ರಾಣಿ ಕಲ್ಪೆಪರ್‌ಗೆ ಬರೆದ ಒಂದು ಪತ್ರ ಉಳಿದಿದ್ದು, ಲೇಡಿ ರಾಚ್‌ಫರ್ಡ್ ಇರುವಾಗ ಬರುವಂತೆ ಅದರಲ್ಲಿ ಸೂಚಿಸಲಾಗಿದೆ.

ಈ ವಿಷಯದಲ್ಲಿ ಜೇನ್‌ಳನ್ನು ನಿರ್ದೋಷಿ ಎನ್ನಲಾಗದು. ಒಬ್ಬ ರಾಣಿಯ ಶಿರಚ್ಛೇದವನ್ನು ಕಂಡವಳು, ಗಂಡನನ್ನು ಕಳೆದುಕೊಂಡವಳು ಇಂಥ ಅಪಾಯಕ್ಕೆ ಏಕೆ ಕೈಹಾಕಿದಳು? ಸಿಕ್ಕಿಬಿದ್ದ ಬಳಿಕ ಮೂವರೂ ಪರಸ್ಪರ ಬೆರಳು ತೋರಿಸಿದರು. ಜೇನ್‌ಳೇ ತನ್ನನ್ನು ಪುಸಲಾಯಿಸಿದಳೆಂದು ರಾಣಿ ಹೇಳಿದಳು. ಕಲ್ಪೆಪರ್‌ನದೂ ಬಹುಮಟ್ಟಿಗೆ ಅದೇ ರಾಗ. ಅವರಿಬ್ಬರ ನಡುವೆ ದೇಹಸಂಬಂಧ ನಡೆದಿರಬೇಕೆಂದು ಜೇನ್ ನುಡಿದಳು. ಪ್ರಾಣಭಯದಲ್ಲಿ ಆಡಿದ ಈ ಮಾತುಗಳಲ್ಲಿ ಯಾವುದನ್ನು ನಂಬುವುದು? ಆದರೆ ಒಂದಂತೂ ನಿಜ. ರಾಣಿ ಮೊದಲ ಸಲ ಆಜ್ಞಾಪಿಸಿದಾಗ ಸಖಿಗೆ ಇಲ್ಲವೆನ್ನುವ ಧೈರ್ಯ ಬೇಕಿತ್ತು. ಮೊದಲ ರಾತ್ರಿ ಬಾಗಿಲು ತೆರೆದ ಮೇಲೆ ಹಿಂದಿರುಗುವ ದಾರಿಯೇ ಇರಲಿಲ್ಲ. ಏಕೆಂದರೆ ದೂರು ಕೊಟ್ಟರೂ ಆಕೆಯೇ ಅಪರಾಧಿ.

ಹುಚ್ಚು ಹಿಡಿದವಳಿಗೂ ಮರಣದಂಡನೆ

1541ರ ನವೆಂಬರ್ 2ರಂದು ಹ್ಯಾಂಪ್ಟನ್ ಕೋರ್ಟ್‌ನ ಪ್ರಾರ್ಥನಾ ಮಂದಿರದಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್ ದೊರೆಯ ಕೈಗೊಂದು ಪತ್ರವಿತ್ತ. ರಾಣಿ ವಿವಾಹಪೂರ್ವದಲ್ಲಿ ಫ್ರಾನ್ಸಿಸ್ ಡೆರೆಹ್ಯಾಮ್ ಎಂಬಾತನೊಡನೆ ಹೊಂದಿದ್ದ ಸಂಬಂಧದ ವಿವರ ಅದರಲ್ಲಿತ್ತು. ತನಿಖೆ ಮುಂದುವರಿದಂತೆ ಕಲ್ಪೆಪರ್‌ನ ಹೆಸರೂ ಜೇನ್‌ಳ ಹೆಸರೂ ಹೊರಬಂದವು. ಡಿಸೆಂಬರ್ 10ರಂದು ಟೈಬರ್ನ್‌ನಲ್ಲಿ ಇಬ್ಬರು ಗಂಡಸರನ್ನೂ ಕೊಲ್ಲಲಾಯಿತು.

ಟವರ್ ಸೇರಿದ ಮೂರನೆಯ ದಿನವೇ ಜೇನ್‌ಳ ಬುದ್ಧಿ ಸ್ಥಿಮಿತ ಕಳೆದುಕೊಂಡಿತೆಂದು ಶಾಪ್ವಿ ವರದಿ ಮಾಡಿದ್ದಾನೆ. ಮತಿಭ್ರಮಣೆಗೆ ಒಳಗಾದವರನ್ನು ವಿಚಾರಣೆಗೆ ಗುರಿಪಡಿಸಿ ಕೊಲ್ಲಲು ಆ ದೇಶದ ಕಾನೂನಿನಲ್ಲಿ ಅವಕಾಶವಿರಲಿಲ್ಲ. ದೊರೆ ಆಕೆಯನ್ನು ಲಾರ್ಡ್ ಅಡ್ಮಿರಲ್ ಜಾನ್ ರಸೆಲ್‌ನ ಮನೆಗೆ ಕಳುಹಿಸಿ, ಆತನ ಪತ್ನಿಯ ಆರೈಕೆಯಲ್ಲಿರಿಸಿದ. ತನ್ನ ಸ್ವಂತ ವೈದ್ಯರನ್ನೇ ಚಿಕಿತ್ಸೆಗೆ ನೇಮಿಸಿದ. ಇದು ಕರುಣೆಯಲ್ಲ, ಗುಣವಾದ ಮೇಲೆ ದಂಡಿಸುವ ಸಲುವಾಗಿ ಮಾಡಿದ ಆರೈಕೆ!

ಗುಣವಾಗುವವರೆಗೆ ಕಾಯುವ ಸಹನೆಯೂ ಅರಸನಿಗಿರಲಿಲ್ಲ. 1542ರ ಜನವರಿಯಲ್ಲಿ ಸೇರಿದ ಸಂಸತ್ತು ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ರಾಜದ್ರೋಹ ಎಸಗಿದ ಬಳಿಕ ಹುಚ್ಚರಾದವರನ್ನೂ ವಿಚಾರಿಸಿ ಕೊಲ್ಲಲು ಅದು ಅನುಮತಿ ನೀಡಿತು. ರಾಣಿ ಹಾಗೂ ಜೇನ್‌ಳನ್ನು ನ್ಯಾಯಾಲಯದ ವಿಚಾರಣೆಯಿಲ್ಲದೆ ಶಾಸನದ ಮೂಲಕವೇ ಅಪರಾಧಿಗಳೆಂದು ಸಾರಲಾಯಿತು. ಫೆಬ್ರುವರಿ 11ರಂದು ಆ ಮಸೂದೆಗೆ ಅರಸನ ಸಮ್ಮತಿ ದೊರೆಯಿತು. ಎರಡೇ ದಿನಗಳಲ್ಲಿ ಎಲ್ಲವೂ ಮುಗಿಯಿತು. ಹುಚ್ಚರನ್ನು ಕೊಲ್ಲುವ ಈ ಕಾನೂನು ಮುಂದೆ ಮೇರಿ ರಾಣಿಯ ಆಳ್ವಿಕೆಯಲ್ಲಿ ರದ್ದಾಯಿತು. 17ನೇ ಶತಮಾನದ ಪ್ರಸಿದ್ಧ ನ್ಯಾಯವೇತ್ತ ಎಡ್ವರ್ಡ್ ಕೋಕ್ ಅದನ್ನು ಕ್ರೂರ, ಅಮಾನುಷ ಎಂದು ಖಂಡಿಸಿದ್ದಾನೆ.

ಆ ಬೆಳಗಿನ ಘಟನೆಯನ್ನು ಕಣ್ಣಾರೆ ಕಂಡ ವ್ಯಾಪಾರಿ ಆಟ್‌ವೆಲ್ ಜಾನ್ಸನ್ ತನ್ನ ಸೋದರನಿಗೆ ಪತ್ರ ಬರೆದಿದ್ದಾನೆ. ಇಬ್ಬರು ಸ್ತ್ರೀಯರೂ ದೇವರಲ್ಲಿ ಭರವಸೆಯಿಟ್ಟು ಧೈರ್ಯದಿಂದ ಮರಣವನ್ನು ಎದುರಿಸಿದರೆಂದು ಅದರಿಂದ ತಿಳಿಯುತ್ತದೆ.

ಕಳಂಕ ಹುಟ್ಟಿದ್ದು ಹೇಗೆ?

ಪತಿಯ ಮೇಲೆ ಸುಳ್ಳು ಹೊರಿಸಿದ್ದಕ್ಕೆ ತನಗೆ ಈ ಶಿಕ್ಷೆಯಾಯಿತೆಂದು ಜೇನ್ ಸಾಯುವ ಮುನ್ನ ಒಪ್ಪಿಕೊಂಡಳು ಎಂಬ ಕಥೆಯನ್ನು ಹಲವು ಪುಸ್ತಕಗಳಲ್ಲಿ ಓದಬಹುದು. ಆದರೆ ಕಣ್ಣಾರೆ ಕಂಡ ಜಾನ್ಸನ್‌ನ ಪತ್ರದಲ್ಲಿ ಅದರ ಸುಳಿವಿಲ್ಲ. ಆ ತಪ್ಪೊಪ್ಪಿಗೆ ಮೊದಲು ಕಾಣಿಸಿಕೊಳ್ಳುವುದು 17ನೇ ಶತಮಾನದಲ್ಲಿ, ಕಟ್ಟುಕಥೆಗಳಿಗೆ ಹೆಸರಾದ ಇಟಲಿಯ ಲೇಖಕ ಗ್ರೆಗೋರಿಯೊ ಲೇಟಿಯ ಬರಹದಲ್ಲಿ.

1558ರಲ್ಲಿ ಆನ್ ಬೊಲಿನ್‌ಳ ಮಗಳು ಎಲಿಜಬೆತ್ ಸಿಂಹಾಸನವೇರಿದ್ದು ಈ ಕಥೆಯ ಬೆಳವಣಿಗೆಗೆ ಮುಖ್ಯ ಕಾರಣ. ಆಳುವ ರಾಣಿಯ ತಾಯಿ ವ್ಯಭಿಚಾರಿಣಿ ಎನ್ನುವಂತಿರಲಿಲ್ಲ. ಆಕೆಯನ್ನು ಕೊಲ್ಲಿಸಿದ ಹೆನ್ರಿಯೂ ರಾಣಿಯ ತಂದೆಯೇ. ಅವನನ್ನು ದೂಷಿಸುವಂತೆಯೂ ಇರಲಿಲ್ಲ. ಹಾಗಾದರೆ ಅನ್ಯಾಯ ಮಾಡಿದವರು ಯಾರು? ಉತ್ತರಿಸಲು ಬಾಯಿಲ್ಲದ, ಮಕ್ಕಳಿಲ್ಲದ, ಮತ್ತೊಬ್ಬ ರಾಣಿಯ ವಿಷಯದಲ್ಲಿ ಆಗಲೇ ತಪ್ಪಿತಸ್ಥಳೆನಿಸಿ ಕೊಲೆಯಾದ ವಿಧವೆಯೊಬ್ಬಳು ಸಿದ್ಧವಾಗಿದ್ದಳು. ಎಲಿಜಬೆತ್‌ಳ ಕಾಲದ ಕೊನೆಯ ಹೊತ್ತಿಗೆ ಆನ್‌ಳ ಚರಿತ್ರೆ ಬರೆದ ಜಾರ್ಜ್ ವೈಯಟ್ ಆಕೆಯನ್ನು ದುಷ್ಟ ಹೆಂಡತಿಯೆಂದು ಕರೆದ. ಬಿಷಪ್ ಬರ್ನೆಟ್ ಮೊದಲಾದ ನಂತರದ ಲೇಖಕರು ಅದನ್ನೇ ಮುಂದುವರಿಸಿದರು. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಪರಿಶೀಲಿಸದೆ ಎತ್ತಿಕೊಂಡು ನಾಲ್ಕು ಶತಮಾನಗಳು ಕಳೆದವು. 2007ರಲ್ಲಿ ಇತಿಹಾಸಕಾರ್ತಿ ಜೂಲಿಯಾ ಫಾಕ್ಸ್ ಜೇನ್‌ಳ ಜೀವನಚರಿತ್ರೆ ಪ್ರಕಟಿಸಿ, ಹಳೆಯ ದಾಖಲೆಗಳನ್ನು ಮುಂದಿಟ್ಟು ಈ ಆರೋಪವನ್ನು ಪ್ರಶ್ನಿಸಿದರು. ಅವರ ಎಲ್ಲ ತೀರ್ಮಾನಗಳನ್ನೂ ಎಲ್ಲರೂ ಒಪ್ಪಿಲ್ಲವಾದರೂ, ಜೇನ್ ಗಂಡನನ್ನು ಕೊಲ್ಲಿಸಿದಳೆಂದು ಖಚಿತವಾಗಿ ಹೇಳುವುದು ಆನಂತರ ಸುಲಭವಾಗಿ ಉಳಿದಿಲ್ಲ.

ತಂದೆಯ ಪುಸ್ತಕ

ಮಗಳ ಸಾವಿನ ಬಳಿಕ ಲಾರ್ಡ್ ಮಾರ್ಲಿ ಏನು ಮಾಡಿದ? ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಅವನ ತಲೆಯೂ ಉಳಿಯುತ್ತಿರಲಿಲ್ಲ. ಆದರೆ ಆತ ಬೊಕಾಚಿಯೊನ ಪ್ರಖ್ಯಾತ ಸ್ತ್ರೀಯರ ಚರಿತ್ರೆಯಿಂದ 46 ಸ್ತ್ರೀಯರ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಎಂದಿನಂತೆ ಹೊಸ ವರ್ಷದ ಕಾಣಿಕೆಯಾಗಿ ಅದೇ ಹೆನ್ರಿಗೆ ಒಪ್ಪಿಸಿದ. ಅದರಲ್ಲಿ ಟ್ರಾಯ್ ನಗರದ ರಾಜಕುಮಾರಿ ಪಾಲಿಕ್ಸೆನಾಳ ಕಥೆಯೂ ಇದೆ. ಬೇರೆಯವರ ತಪ್ಪಿಗೆ ತಾನು ಬಲಿಯಾದ, ಕತ್ತಿಗೆ ಅಂಜದೆ ಕೊರಳೊಡ್ಡಿದ ಹೆಣ್ಣು ಅವಳು. ಆ ಭಾಗದ ಅನುವಾದದಲ್ಲಿ ತಂದೆಯೊಬ್ಬನ ನೋವು ಇಣುಕುತ್ತದೆ ಎಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮಾರ್ಲಿ 1556ರವರೆಗೆ ಬದುಕಿದ್ದ.

ಜೇನ್‌ಳದೇ ಎಂದು ಖಚಿತವಾಗಿ ಹೇಳಬಹುದಾದ ಒಂದೇ ಒಂದು ಭಾವಚಿತ್ರವೂ ಉಳಿದಿಲ್ಲ. ಆಕೆಯ ದೇಹವನ್ನು ಟವರ್‌ನ ಸೇಂಟ್ ಪೀಟರ್ ಆಡ್ ವಿಂಕ್ಯುಲ ಪ್ರಾರ್ಥನಾ ಮಂದಿರದಲ್ಲಿ ಹೂಳಲಾಯಿತು. ಗಂಡ ಜಾರ್ಜ್, ನಾದಿನಿ ಆನ್, ಕೊನೆಯ ಒಡತಿ ಕ್ಯಾಥರೀನ್ ಮಲಗಿರುವುದೂ ಅದೇ ಮಂದಿರದಲ್ಲಿ. 2006ರಲ್ಲಿ ಮಂದಿರದ ಮುಂದಿನ ಹುಲ್ಲುಹಾಸಿನ ಬಳಿ ಅಲ್ಲಿ ಪ್ರಾಣ ಕಳೆದುಕೊಂಡವರ ನೆನಪಿಗೆ ಗಾಜಿನ ಸ್ಮಾರಕವನ್ನು ಸ್ಥಾಪಿಸಲಾಯಿತು. ಅದರ ಮೇಲೊಂದು ಗಾಜಿನ ದಿಂಬು, ಸುತ್ತಲೂ ಹತ್ತು ಹೆಸರುಗಳು. ರಾಣಿಯರ ಹೆಸರುಗಳ ಜೊತೆಗೆ ಸಖಿ ಜೇನ್ ಬೊಲಿನ್‌ಳ ಹೆಸರೂ ಅಲ್ಲಿದೆ. ಅಪರಾಧಿ, ನಿರಪರಾಧಿ ಎಂಬ ಯಾವ ವಿಶೇಷಣವೂ ಅದರ ಪಕ್ಕದಲ್ಲಿಲ್ಲ.